ಅಗಸೆ ಬಯಲಿಗೆ ಸರಿ ಹಚ್ಚಿದ್ದು

ನಮ್ಮೂರಿನ ಪಂಚಾಯಿತಿಯವರು ನನ್ನನ್ನು ಸರ್ವೆ ಕೆಲಸಕ್ಕೆ ಹಾಕಿಕೊಂಡದ್ದು ಓದು ನೋಡಿ ಅಲ್ಲ, ಬಾಯಿ ನೋಡಿ. ಹಿರಿಯೂರಿನಿಂದ ಹೊಸದುರ್ಗಕ್ಕೆ ಹೋಗುವ ಬಸ್ಸಿನ ಕಂಡಕ್ಟರು ಮೂಗಿನಲ್ಲಿ ಊರುಗಳ ಹೆಸರು ಕೂಗುವುದು, ಹೊಳಲ್ಕೆರೆ ಕಡೆಯ ಬೀಗರು ‘ಸಾಕು ಸಾಕು’ ಅನ್ನುತ್ತಲೇ ಹೋಳಿಗೆಗೆ ಎಲೆಯಲ್ಲಿ ಜಾಗ ಮಾಡಿಕೊಡುವುದು, ಯಲ್ಲದಕೆರೆಯ ನಮ್ಮ ದೊಡ್ಡಪ್ಪ ಆ ಕಡೆಯವರಿಗೆ ಫೋನಿಲ್ಲದೆಯೇ ಕೇಳಲಿ ಎಂಬಂತೆ ಫೋನಿನಲ್ಲಿ ಅರಚುವುದು, ಇವೆಲ್ಲ ನನಗೆ ಬರುತ್ತವೆ. ಮದುವೆ ಮನೆಯಲ್ಲಿ ಕೈಗೆ ಮೈಕು ಕೊಟ್ಟರೆ ಕಡೇ ಪಂಕ್ತಿ ಏಳುವವರೆಗೂ ಬಿಡುವವನಲ್ಲ. ನಿನ್ನ ಸ್ವಂತ ದನಿ ಯಾವುದಪ್ಪ ಎಂದು ಯಾರಾದರೂ ಕೇಳಿದರೆ ಮಾತ್ರ ಸ್ವಲ್ಪ ಹುಡುಕಬೇಕಾಗುತ್ತದೆ. ಸಿಕ್ಕಾಗ ಅದು ಎಣ್ಣೆ ಕಾಣದ ರಾಟೆಯ ಹಾಗಿರುತ್ತದೆ.

“ಎಲ್ಲಾರ ಮಾತೂ ಇವ್ನಿಗೆ ಬರ್ತಾವೆ,” ಅಂದರು ನಮ್ಮ ಪಂಚಾಯಿತಿ ಅಧ್ಯಕ್ಷೆ. “ಮನೆಮನೆಗೆ ಕಳಿಸಿದ್ರೆ ಹೋಗ್ತಾನೆ. ಹೋಗ್ದಿದ್ರೂ ಒಬ್ನೇ ಕುಂತ್ಕಂಡು ಊರಿಗೆಲ್ಲಾ ಫಾರಂ ತುಂಬ್ತಾನೆ. ಅದೊಂದೇ ಭಯ ನೋಡ್ರಿ.”

ಸರ್ವೆ ನಡೆದದ್ದು ಅಗಸೆ ಬಯಲಿಗೋಸ್ಕರ. ಊರೊಳಗೆ ಬರುವ ಕಲ್ಲಿನ ಹೆಬ್ಬಾಗಿಲೇ ಅಗಸೆ. ಪಾಳೇಗಾರರ ಕಾಲದ್ದು ಎನ್ನುತ್ತಾರೆ. ಕದ ಹೋಗಿ ಎಷ್ಟು ಕಾಲವಾಯಿತೋ, ಈಗ ಎರಡು ಕಂಬ, ಮೇಲೊಂದು ಅಡ್ಡಗಲ್ಲು ಉಳಿದಿವೆ. ಪಡುವಲಲ್ಲಿರುವ ಆ ಅಗಸೆ ದಾಟಿದರೆ ಮೂಡಲಿಗೆ ಚಾಚಿದ ಉದ್ದನೆಯ ಬಯಲು. ಒಂದು ಬದಿಗೆ ಮರದ ಕಂಬಗಳ ಹಳೆಯ ಚಾವಡಿ, ಅದರ ಪಕ್ಕ ಕುದುರೆ ಸವಾರನ ವೀರಗಲ್ಲು, ವೀರಗಲ್ಲಿಗೆ ಬೆನ್ನು ಕೊಟ್ಟು ಮಂಡಕ್ಕಿ ಮೆಣಸಿನಕಾಯಿ ಹೋಟೆಲು. ಎಣ್ಣೆ ಹೊಗೆ ಕುಡಿದೂ ಕುಡಿದೂ ಕಲ್ಲು ಕಪ್ಪಾಗಿ, ವೀರನದು ಬಿಳಿ ಕುದುರೆಯೋ ಕರಿ ಕುದುರೆಯೋ ಎಂಬ ಬಗ್ಗೆ ಊರಿನಲ್ಲಿ ಈಗ ಎರಡು ಪಕ್ಷಗಳಿವೆ. ನಾನು ಯಾವ ಪಕ್ಷದವರ ಜೊತೆ ಕುಳಿತಿದ್ದೇನೋ ಆ ಪಕ್ಷ.

ಈ ಬಯಲನ್ನು ಚೆಂದ ಮಾಡಲು ಚಿತ್ರದುರ್ಗದಿಂದ ಇಂಜಿನಿಯರ್ ಮೇಡಂ ಒಬ್ಬರು ಬಂದರು. ಹಳೆಯ ಕಟ್ಟಡಗಳ ಕೆಲಸ ಬಲ್ಲವರು. ಅಗಸೆಯ ಕಲ್ಲನ್ನು ಅವರು ಮುಟ್ಟಿದ ರೀತಿ ನೋಡಿ, ಆ ಕಲ್ಲಿಗೆ ಎಮ್ಮೆ ಕಟ್ಟುತ್ತಿದ್ದ ಮನೆಯವರು ಸದ್ದಿಲ್ಲದೆ ಹಗ್ಗ ಬಿಚ್ಚಿಕೊಂಡು ಹೋದರು. ಮೇಡಮ್ಮಿನದು ಹತ್ತು ವರ್ಷದ ಯೋಜನೆ. ಮೊದಲು ಚರಂಡಿ, ಆಮೇಲೆ ಅಗಸೆ, ಆಮೇಲೆ ಚಾವಡಿಯ ಮಾಡು, ನೆಲ, ಮರ, ದೀಪ, ಹೀಗೆ ಒಂದೊಂದೇ. ನಾನು ಹತ್ತು ದಿನ ಮುಂದಿನದನ್ನು ಯೋಚಿಸಿದವನಲ್ಲ. ಬಾಯಿ ಬಿಟ್ಟುಕೊಂಡು ಕೇಳಿದೆ. ಹೋಟೆಲಿನ ಚಿಕ್ಕಪ್ಪ, ಊರಿಗೆಲ್ಲ ಅವನು ಚಿಕ್ಕಪ್ಪನೇ, ಬಜ್ಜಿ ಹಿಟ್ಟಿನ ಕೈಯನ್ನು ಹಾಗೇ ಎತ್ತಿ ಕೇಳಿದ: “ಅಲ್ಲೀಗಂಟ ನಮ್ ಟೀ ಲೋಟ ಎಲ್ಲಿಡಾಣ ಮೇಡಂ?”

“ಈಗ ಎಲ್ಲಿ ಇಡ್ತೀರಿ?”

“ಕುದ್ರೆ ಬೆನ್ನಿನ ಮ್ಯಾಲೆ.”

ಮೇಡಂ ಒಂದು ಸಲ ಕಣ್ಣು ಮುಚ್ಚಿ ತೆರೆದರು. ಆಮೇಲೆ ಫಾರಮ್ಮುಗಳ ಕಟ್ಟನ್ನು ನನ್ನ ಕೈಗೆ ಕೊಟ್ಟು, “ಬಯಲಿನ ಬಗ್ಗೆ ಪ್ರತಿ ಮನೆಯವರ ಮಾತೂ ನನಗೆ ಬೇಕು. ಅವರು ಹೇಳಿದ್ದನ್ನು ಹೇಳಿದ ಹಾಗೇ ಬರೆಯಿರಿ. ನಿಮ್ಮ ಮಸಾಲೆ ಬೇಡ,” ಅಂದರು.

ನನಗೆ ಇದಕ್ಕಿಂತ ದೊಡ್ಡ ಬಿರುದು ಯಾರೂ ಕೊಟ್ಟಿರಲಿಲ್ಲ. ಹೇಳಿದ್ದನ್ನು ಹೇಳಿದ ಹಾಗೇ ಹಿಡಿಯುವುದೇ ನನ್ನ ಕಸುಬಲ್ಲವೇ? ರಿಟೈರಾದ ಮೇಷ್ಟ್ರು ಹೇಳಿದ್ದನ್ನು ಅವರ ಕೆಮ್ಮಿನ ಸಮೇತ ಬರೆದುಕೊಂಡೆ. ಎಲ್ಲೆಲ್ಲಿ ಕೆಮ್ಮಿದರೋ ಅಲ್ಲಲ್ಲಿ ಒಂದು ಅಲ್ಪವಿರಾಮ. ಚಿಕ್ಕಪ್ಪ ಹೇಳಿದ್ದು ಒಂದೇ ಸಾಲು: “ನೆರಳು ಬೇಕು, ಹೋಟ್ಲು ಇದ್ದಲ್ಲೇ ಇರ್ಬೇಕು, ನೊಣ ಬ್ಯಾಡ.” ಹಾಗೆಯೇ ಬರೆದೆ.

ಮೂರನೆಯ ದಿನ ನಮ್ಮ ಅತ್ತೆಯ ಮನೆಗೆ ಹೋದೆ. ಅತ್ತೆ ಎಂದರೆ ನಮ್ಮಪ್ಪನ ಅಕ್ಕ. ಕಂಬಳಿ ನೇಯುವವಳು. ನಾನು ಮಾಡುವ ದನಿಗಳಲ್ಲಿ ಜನ ಹೆಚ್ಚು ಕೇಳಿ ಮಾಡಿಸುವುದು ಅವಳದೇ. ಹಿತ್ತಲ ಒಲೆಯ ಮೇಲೆ ದೊಡ್ಡ ಪಾತ್ರೆ ಇಟ್ಟುಕೊಂಡು ಕೋಲಿನಿಂದ ತಿರುವುತ್ತಿದ್ದಳು.

“ಅತ್ತೆ, ಅಗಸೆ ಬಯಲಿನ ಬಗ್ಗೆ ನಿನ್ನ ಮಾತು ಹೇಳು. ಸರ್ಕಾರಕ್ಕೆ ಹೋಗ್ತದೆ.”

“ನಮ್ದೇನಪ್ಪ ಬಯಲಾಗೆ?” ಅಂದಳು. ತಿರುವುವ ಕೋಲನ್ನು ಎತ್ತಿ ಪಾತ್ರೆ ತೋರಿಸಿ, “ಸರಿ,” ಅಂದಳು.

ನಾನು ‘ಸರಿ’ ಎಂದು ಬರೆದುಕೊಂಡೆ.

ಕೂಸಿಗೆ ತಿನ್ನಿಸುವ ರಾಗಿ ಸರಿ ಎಲ್ಲರಿಗೂ ಗೊತ್ತು. ಕಂಬಳಿಯವರ ಮನೆಯ ಸರಿ ಅದರ ಅಣ್ಣ. ಹುಣಸೆ ಬೀಜ ಹುರಿದು, ಸಿಪ್ಪೆ ಕಳೆದು, ಬೀಸಿ, ಕುದಿಸಿದ ಅಂಟು ಗಂಜಿ. ಮಗ್ಗಕ್ಕೆ ಏರುವ ಮುಂಚೆ ಉದ್ದನೂಲನ್ನೆಲ್ಲ, ಅದಕ್ಕೆ ಹಾಸು ಎನ್ನುತ್ತಾರೆ, ಬಯಲಿನಲ್ಲಿ ಬಿಗಿಯಾಗಿ ಎಳೆದು ಕಟ್ಟಿ, ಈ ಸರಿಯನ್ನು ಕುಂಚದಿಂದ ಹಚ್ಚಿ, ಬೆಳಗಿನ ಬಿಸಿಲಿಗೆ ಒಣಗಿಸಬೇಕು. ಸರಿ ಕುಡಿಯದ ಉಣ್ಣೆ ನೂಲು ಮಗ್ಗದಲ್ಲಿ ಮಾತುಮಾತಿಗೂ ಕಡಿಯುತ್ತದೆ. ಅಷ್ಟುದ್ದ ಹಾಸನ್ನು ಎಳೆಯುವಂಥ, ಬೆಳಿಗ್ಗೆ ನೆರಳು ಬೀಳದಂಥ ಜಾಗ ನಮ್ಮೂರಿನಲ್ಲಿ ಅಗಸೆ ಬಯಲೊಂದೇ. ಅದು ಹೋದರೆ ಮಗ್ಗವೂ ಹೋಯಿತು. ಅತ್ತೆ ‘ಸರಿ’ ಅಂದದ್ದು ಇಷ್ಟನ್ನೂ ಸೇರಿಸಿ. ಕೋಲಿನಿಂದ ಪಾತ್ರೆ ತೋರಿಸಿದ್ದನ್ನು ಬರೆಯಲು ಫಾರಮ್ಮಿನಲ್ಲಿ ಜಾಗವಿರಲಿಲ್ಲ. ಇದ್ದಿದ್ದರೂ ನಾನು ಬರೆಯುತ್ತಿರಲಿಲ್ಲ ಬಿಡಿ, ಮಸಾಲೆ ಬೇಡ ಅಂದಿದ್ದರಲ್ಲ. ಉಳಿದ ನಾಲ್ಕು ಕಂಬಳಿ ಮನೆಯವರು, “ನಿಮ್ಮತ್ತೆ ಏನ್ ಬರೆಸ್ಯಾಳೋ ನಮ್ದೂ ಅದೇ,” ಅಂದರು. ಐದು ಮನೆ, ಐದು ಸರಿ. ಅಕ್ಷರ ಮುತ್ತಿನ ಹಾಗೆ ಬಂದಿತ್ತು.

ಒಂದೂವರೆ ತಿಂಗಳಾದ ಮೇಲೆ ಚಾವಡಿಗೆ ದೊಡ್ಡದೊಂದು ಫ್ಲೆಕ್ಸು ಬಂತು. ಹತ್ತು ವರ್ಷದ ನಂತರದ ಅಗಸೆ ಬಯಲಿನ ಚಿತ್ರ. ಎಂಥ ಚೆಂದ! ಅಗಸೆಯ ಕಲ್ಲು ತೊಳೆದು ಮಿರುಗುತ್ತಿದೆ, ಚಾವಡಿಗೆ ಹೊಸ ಹೆಂಚು, ಬಯಲಿನ ನಟ್ಟನಡುವೆ ಕಾರಂಜಿ, ಸುತ್ತ ದುಂಡಗೆ ಕಲ್ಲುಬೆಂಚು. ಕಾರಂಜಿಯ ಪಕ್ಕ ಚಡ್ಡಿ ಹಾಕಿದ ಒಬ್ಬ, ಕೂದಲು ಬಿಟ್ಟ ಒಬ್ಬಳು, ಬಲೂನು ಹಿಡಿದ ಒಂದು ಮಗು, ಕಂಬಳಿಯಂಥ ಮೈಯ ಒಂದು ನಾಯಿ.

ಅತ್ತೆ ಹತ್ತಿರ ಹೋಗಿ ನೋಡಿದಳು. “ಇವ್ರು ಯಾರ ಮನೆ ನೆಂಟ್ರು?”

“ಇದು ಸುಮ್ಮನೆ ಕಂಪ್ಯೂಟರಿನಲ್ಲಿ ಹಾಕಿದ್ದು ಅಮ್ಮಾ,” ಅಂದರು ಮೇಡಂ.

“ನಮ್ಮೋರ್ನೇ ಹಾಕ್ಬೌದಿತ್ತಲ್ಲ? ನಾವೇನ್ ಬಾಡಿಗೆ ಕೇಳ್ತಿದ್ವಾ? ಹೋಗ್ಲಿ, ನಡುವೆ ಇದೇನು?”

“ಕಾರಂಜಿ. ನೀರು ಮೇಲಕ್ಕೆ ಚಿಮ್ಮುತ್ತೆ.”

“ಹಾಸಿನ ಮ್ಯಾಲಾ?”

ಹಾಸು ಎಂದರೆ ಮೇಡಮ್ಮಿಗೆ ನೆಲಕ್ಕೆ ಹಾಸುವ ಕಲ್ಲು. “ಹೌದಮ್ಮಾ, ಹಾಸಿನ ಮೇಲೇನೇ. ಜಾರುವುದಿಲ್ಲ, ಭಯ ಬೇಡ.”

“ಯಾರು ಒಪ್ಪಿದ್ರು ಇದ್ಕೆ?”

ಮೇಡಂ ಫೈಲು ತೆಗೆದರು. “ನೀವೇ. ನೋಡಿ, ನಿಮ್ಮ ಮನೆಯ ಫಾರಂ. ನಡುವಿನ ಜಾಗ ಉಪಯೋಗಿಸುವ ಬಗ್ಗೆ ಐದು ಮನೆಯವರು ಸರಿ ಅಂದಿದ್ದೀರಿ.”

“ಹ್ಞೂಂ, ಸರಿ ಅಂದೀನಿ!”

“ಅದಕ್ಕೇ ಕಾರಂಜಿ ಹಾಕಿದ್ದು.”

“ಸರಿ ಅಂದಿದ್ಕೆ ಕಾರಂಜಿ ಹಾಕ್ತಾರೇನ್ರಿ? ಸರಿಗೆ ನೀರು ಬಿದ್ರೆ ಏನುಳಿತೈತೆ?”

ಮೇಡಂ ಫಾರಮ್ಮನ್ನು ನೋಡಿದರು, ಅತ್ತೆಯನ್ನು ನೋಡಿದರು, ಅಧ್ಯಕ್ಷರನ್ನು ನೋಡಿದರು. ಅಧ್ಯಕ್ಷರು ಮನೆಯಲ್ಲಿ ಎಮ್ಮೆ ಹಾಲು ಕರೆಯಲು ಹೊತ್ತಾಯಿತೆಂಬ ಚಿಂತೆಯಲ್ಲಿದ್ದರು. ನಾನು ಎದ್ದು ನಿಂತು, ‘ಮೇಡಂ, ಈ ಸರಿ ಬೇರೆ, ಆ ಸರಿ ಬೇರೆ, ತಪ್ಪು ನನ್ನದು’ ಎನ್ನಬೇಕಿತ್ತು. ಊರಿನ ಎಲ್ಲರ ದನಿಯಲ್ಲೂ ಅದನ್ನು ಹೇಳಬಲ್ಲೆ. ಆ ಹೊತ್ತಿಗೆ ನಾನು ಹೋಟೆಲಿನ ಹಿಂದೆ, ವೀರನ ಕುದುರೆಯ ಮರೆಯಲ್ಲಿದ್ದೆ. ಮುಂದಿನ ಸೋಮವಾರ ಗ್ರಾಮಸಭೆ, ಅಂದು ಒಪ್ಪಿಗೆಯಾದರೆ ಕಾಗದ ಮೇಲಕ್ಕೆ ಹೋಗುತ್ತದೆ ಎಂದು ಹೇಳಿ ಮೇಡಂ ಹೊರಟುಹೋದರು.

ಅತ್ತೆ ಅವತ್ತಿನಿಂದ ನನ್ನ ಜೊತೆ ಮಾತು ಬಿಟ್ಟಳು. ಊಟಕ್ಕೆ ಹೋದರೆ ಬೆಕ್ಕಿಗೆ ಹೇಳುತ್ತಿದ್ದಳು: “ಮುದ್ದೆ ಇಕ್ಕೀನಿ ಅಂತ ಹೇಳು ಅವ್ನಿಗೆ. ‘ಸರಿ’ ಅಂತ ಬರ್ಕಳೋಕೆ ಹೇಳು.” ನಾನೇ ಅವಳ ದನಿಯಲ್ಲಿ ನನ್ನನ್ನು ಬೈದುಕೊಂಡು ನೋಡಿದೆ. ಸಪ್ಪೆಯಾಗಿತ್ತು. ಅವಳ ಬೈಗುಳಕ್ಕೆ ಅವಳೇ ಬೇಕು.

ಧೈರ್ಯ ಮಾಡಿ ಮೇಡಮ್ಮಿಗೆ ಫೋನು ಹಚ್ಚಿದೆ.

“ಮೇಡಂ, ನಮ್ಮತ್ತೆ ಸರಿ ಅಂದದ್ದು ಸರಿ ಅಂತ ಅಲ್ಲ.”

“ಹಾಗಾದರೆ ತಪ್ಪು ಅಂತಲಾ?”

“ತಪ್ಪೂ ಅಲ್ಲ. ಅಂಟು.”

“ಇದು ಯಾರ ದನಿ ಮಾಡ್ತಿದ್ದೀರಿ? ಚೆನ್ನಾಗಿದೆ. ಆದರೆ ನಾನೀಗ ಮೀಟಿಂಗಿನಲ್ಲಿದ್ದೀನಿ.” ಫೋನು ಇಟ್ಟರು. ಆಡಿದ್ದು ನನ್ನ ಸ್ವಂತ ದನಿಯಲ್ಲಿ. ಹಿಂದಿನ ವಾರವಷ್ಟೇ ಅಧ್ಯಕ್ಷರ ದನಿಯಲ್ಲಿ ಅವರಿಗೆ ಫೋನು ಮಾಡಿ ನಗಿಸಿದ್ದೆ. ಅದರ ಫಲ.

ಸೋಮವಾರ ಬಂತು. ಬೆಳಿಗ್ಗೆಯೇ ಚಾವಡಿಯ ಮುಂದೆ ಶಾಮಿಯಾನ, ಬಯಲಿನ ನಡುವೆ ಸಾಲಾಗಿ ಪ್ಲಾಸ್ಟಿಕ್ ಕುರ್ಚಿ. ಮೈಕು ನನ್ನ ಕೈಯಲ್ಲಿ. ಊರಿನಲ್ಲಿ ಮೈಕು ಬೇರೆ ಯಾರ ಕೈಗೆ ಹೋಗುತ್ತದೆ? ಮೇಡಂ ಕಾಗದ ಬಿಡಿಸಿದರು. ಅಧ್ಯಕ್ಷರು, “ಕುಂತ್ಕಳ್ರಿ, ಕುಂತ್ಕಳ್ರಿ,” ಅನ್ನುತ್ತಿದ್ದರು. ಅಷ್ಟರಲ್ಲಿ ಅಗಸೆಯ ಕೆಳಗಿಂದ ಅತ್ತೆ ಬಂದಳು. ಹಿಂದೆ ಮೂರು ಹೆಂಗಸರು. ಇಬ್ಬರ ಹೆಗಲ ಮೇಲೆ ಸುತ್ತಿದ ಹಾಸು, ಒಬ್ಬಳ ಕೈಯಲ್ಲಿ ಬಿದಿರಿನ ಗಳು, ಅತ್ತೆಯ ತಲೆಯ ಮೇಲೆ ಹೊಗೆಯಾಡುವ ಪಾತ್ರೆ.

“ಏಳ್ರಿ, ಏಳ್ರಿ. ಕುರ್ಚಿ ತಗೀರಿ.”

“ಅಕ್ಕಾ, ಸಭೆ ನಡೀತೈತೆ,” ಅಂದರು ಅಧ್ಯಕ್ಷರು.

“ನಡೀಲಿ, ನಾನೇನ್ ಬ್ಯಾಡ ಅಂದ್ನಾ? ನಿಮ್ ಸಭೆ ನಾಳಿಗಂಟ ಇರ್ತೈತೆ, ನನ್ ಸರಿ ಇರಲ್ಲ. ಕುದ್ದಾಗೈತೆ. ನಾಳೆಗೆ ಹಳಸಿ ನಾತ ಹೊಡೀತೈತೆ.”

ಇದು ಜಗಳಕ್ಕೆಂದು ಹೂಡಿದ ಆಟವೇ ಎಂದು ನಾನು ಆಮೇಲೆ ಎಷ್ಟೋ ಸಲ ಕೇಳಿದ್ದೇನೆ. ಬಿಸಿಲು ಚೆನ್ನಾಗಿತ್ತು, ನೂಲು ತಯಾರಿತ್ತು, ಅಷ್ಟೇ ಅನ್ನುತ್ತಾಳೆ. ಇರಬಹುದು. ಜನ ಕುರ್ಚಿ ಎತ್ತಿಕೊಂಡು ಎರಡು ಬದಿಗೆ ಹಂಚಿಹೋದರು. ಹಾಸು ಬಿಚ್ಚಿಕೊಂಡಿತು. ಒಂದು ತುದಿ ಅಗಸೆಯ ಹತ್ತಿರ ಗೂಟಕ್ಕೆ, ಇನ್ನೊಂದು ಮೂಡಲ ತುದಿಗೆ, ನಡುವೆ ಕತ್ತರಿಯಂತೆ ಕಟ್ಟಿದ ಗಳುಗಳ ಮೇಲೆ ಕಪ್ಪು ನೂಲಿನ ಸೇತುವೆ. ಫ್ಲೆಕ್ಸಿನಲ್ಲಿ ಕಾರಂಜಿ ಇದ್ದ ಜಾಗದ ಮೇಲೆಯೇ ಅದು ಹಾದುಹೋಗಿತ್ತು. ಅತ್ತೆ ಕುಂಚ ಅದ್ದಿ ಮೊದಲ ಎಳೆತ ಎಳೆದಳು. ಹುರಿದ ಹುಣಸೆ ಬೀಜದ ವಾಸನೆ ಸಭೆಯ ತುಂಬ ಹರಡಿತು.

ಮೇಡಂ ಎದ್ದು ಬಂದು ಪಾತ್ರೆಯೊಳಗೆ ಬಗ್ಗಿ ನೋಡಿದರು. “ಅಮ್ಮಾ, ಇದೇನು?”

“ಸರಿ.”

ಮೇಡಮ್ಮಿನ ಮುಖದಲ್ಲಿ ಆ ಎರಡಕ್ಷರ ಒಂದು ಕಡೆಯಿಂದ ಇನ್ನೊಂದು ಕಡೆಗೆ ಹೊರಳಿದ್ದು ಕಾಣಿಸಿತು. ಆಮೇಲೆ ಅವರು ನಗತೊಡಗಿದರು. ನಿಲ್ಲಿಸಲಾಗದೆ ಹಾಸಿನ ಗಳುವನ್ನು ಹಿಡಿದುಕೊಂಡರು. “ಗಳ ಬಿಡಮ್ಮಾ, ನೂಲು ಸಡ್ಲ ಆಗ್ತೈತೆ,” ಅಂದಳು ಅತ್ತೆ.

ಈಗಲಾದರೂ ತಪ್ಪೊಪ್ಪಿಕೊಳ್ಳೋಣವೆಂದು ನಾನು ಮೈಕು ಎತ್ತಿದೆ. “ತಪ್ಪು ನನ್ನದು. ಬಯಲಿನಲ್ಲಿ ಯಾರು ಏನು ಮಾಡುತ್ತಾರೆಂದು ನಾನು ಪೂರ್ತಿ ಬರೆಯಲಿಲ್ಲ. ಈಗ ಹೇಳಿಬಿಡುತ್ತೇನೆ,” ಎಂದು ಶುರು ಮಾಡಿ, ಹಾಳು ಚಟ, ದನಿಗಳಿಗೆ ಇಳಿದುಬಿಟ್ಟೆ. ಬೆಳಗಿನ ಜಾವ ಮೇಷ್ಟ್ರು ಬಯಲಿಗೆ ಬಂದು ಕೆಮ್ಮುತ್ತ ಹತ್ತು ಸುತ್ತು ಹಾಕುವುದನ್ನು ಮಾಡಿ ತೋರಿಸಿದೆ.

ಮೇಷ್ಟ್ರು ಎದ್ದು ನಿಂತರು. “ಹತ್ತಲ್ಲ, ಹನ್ನೆರಡು. ಮತ್ತೆ ನಾನು ಹಂಗೆ ಕೆಮ್ಮಲ್ಲ. ಎರಡನೇ ಸುತ್ತಿಗೆ ನಿಲ್ತೈತೆ ಕೆಮ್ಮು. ಸರ್ಕಾರಕ್ಕೆ ಸುಳ್ಳು ಲೆಕ್ಕ ಕೊಡಬ್ಯಾಡ.” ಮಾತು ಸಾಲದೆಂದು ಸುತ್ತು ಹಾಕಲಿಕ್ಕೇ ಹೊರಟರು. “ನೋಡ್ಕಳ್ರಿ ಮೇಡಂ, ಹಿಂಗೆ ಚಾವಡಿ ಪಕ್ಕದಿಂದ. ಹಾಸು ಇದ್ದ ದಿನ ಈ ಕಡೆಯಿಂದ.”

ಚಿಕ್ಕಪ್ಪನ ದನಿ ತೆಗೆದೆ. ಬಾಣಲೆ ಬಿಟ್ಟು ಓಡಿ ಬಂದ. “ಲೇ, ನಾನು ಗಿರಾಕಿನ ಹಂಗೆ ಕರೀತೀನೇನಲೇ? ಮೇಕೆ ಕರ್ದಂಗೈತೆ! ಮೇಡಂ, ಬೆಂಚು ಇಲ್ಲಿ ಹಾಕ್ತೀನಿ ನೋಡ್ರಿ, ಮಧ್ಯಾಹ್ನದ ಮ್ಯಾಲೆ ಅಲ್ಲಿಗೆ ಎಳೀತೀನಿ.” ಕುರಿ ಹಟ್ಟಿಯ ಅಜ್ಜನ ಸೀಟಿ ಹಾಕಿದೆ. ಅದು ಕುರಿ ಕರೆಯುವ ಸೀಟಿಯಲ್ಲ, ನಾಯಿ ಕರೆಯುವ ಸೀಟಿ ಎಂದು ಅಜ್ಜ ಕುರಿಯ ಸೀಟಿಯನ್ನು ತಾನೇ ಹಾಕಿ ತೋರಿಸಿದ. ಎಲ್ಲಿಂದಲೋ ನಾಲ್ಕು ಕುರಿ ಬಂದೇ ಬಂದವು. ನನ್ನ ಕಸುಬಿನಲ್ಲಿ ಅಷ್ಟು ಹೀನಾಯವಾಗಿ ನಾನೆಂದೂ ಸೋತಿರಲಿಲ್ಲ, ಅಷ್ಟು ಖುಷಿಯಾಗಿಯೂ ಇರಲಿಲ್ಲ. ಸಭೆ ಎಲ್ಲಿ ಹೋಯಿತೋ, ಎಲ್ಲರೂ ತಂತಮ್ಮ ಜಾಗದಲ್ಲಿ ತಂತಮ್ಮ ಪಾತ್ರವನ್ನು ತಾವೇ ಆಡುತ್ತಿದ್ದರು. ಮೇಡಂ ಟೇಪು ಹಿಡಿದು ಒಬ್ಬರಿಂದ ಒಬ್ಬರಿಗೆ ಓಡಾಡಿ ನಕ್ಷೆಯ ಮೇಲೆ ಗೀಟು ಹಾಕಿಕೊಂಡರು. ಕಾರಂಜಿಯನ್ನು ಪೆನ್ಸಿಲ್ಲಿನಿಂದ ಎರಡು ಸಲ ಹೊಡೆದುಹಾಕಿ, ಬಯಲಿನ ಉದ್ದಕ್ಕೂ ಒಂದು ಪಟ್ಟಿ ಎಳೆದು, “ಇದು ಹಾಸಿನ ಜಾಗ. ಇಲ್ಲಿ ಏನೂ ಕಟ್ಟುವುದಿಲ್ಲ. ಗೂಟಕ್ಕೆ ಎರಡು ತೂತಿನ ಕಲ್ಲು ಮಾತ್ರ,” ಅಂದರು.

ಅತ್ತೆ ಕುಂಚ ಹಿಡಿದೇ ಬಂದು ನಕ್ಷೆ ನೋಡಿದಳು. ಮೂಡಲ ತುದಿಯಲ್ಲಿ ಒಂದು ಹಸಿರು ಚುಕ್ಕೆ. “ಇದೇನು?”

“ಬೇವಿನ ಮರ. ಎಲ್ಲರೂ ನೆರಳು ಕೇಳಿದ್ದಾರೆ.”

“ಈಗ ಗಿಡ ನೆಡ್ತೀರಿ. ಹತ್ತು ವರ್ಷಕ್ಕೆ ಮರ ಆಗ್ತೈತೆ. ಬೆಳಗಿನ ನೆರಳು ಎಲ್ಲೀಗಂಟ ಬರ್ತೈತೆ ನೋಡೀರಾ? ಕಾರಂಜಿ ಕಣ್ಣಿಗೆ ಕಾಣ್ತು, ಬೈದೆ. ಈ ಗಿಡ ಮೆಲ್ಲಗೆ ಬೆಳ್ದು ನನ್ ಹಾಸು ತಿಂದ್ರೆ ಯಾರ್ನ ಬೈಯಾಣ?”

ಮೇಡಂ ಪೆನ್ಸಿಲ್ಲನ್ನು ತುಟಿಗಿಟ್ಟುಕೊಂಡು ನಿಂತರು. ಹತ್ತು ವರ್ಷದ ಯೋಜನೆಯಲ್ಲಿ ಹತ್ತನೆಯ ವರ್ಷವನ್ನು ಅವರಿಗಿಂತ ಮುಂಚೆ ಅತ್ತೆ ನೋಡಿಬಿಟ್ಟಿದ್ದಳು. “ಈಗ ಹೇಗೆ ಗೊತ್ತಾಗಬೇಕು, ಎಲ್ಲಿ ಬೀಳುತ್ತೆ ಅಂತ?”

ಅತ್ತೆ ಸುತ್ತ ನೋಡಿದಳು. ಎಂಟು ದಿನದ ಮೇಲೆ ಮೊದಲ ಸಲ ಅವಳ ಕಣ್ಣು ನನ್ನ ಮೇಲೆ ಬಂದು ನಿಂತಿತು.

“ಲೇ, ಬಾರಲೇ ಇಲ್ಲಿ. ಎಲ್ಲಾರ್ನೂ ಮಾಡ್ತೀಯಲ್ಲ, ಬೇವಿನ ಮರ ಮಾಡು.”

ಚಿಕ್ಕಪ್ಪನ ಬೆಂಚಿನ ಮೇಲೆ ಬೆಂಚು ಹೇರಿದರು. ಮೇಲೆ ನಾನು. ಎರಡೂ ಕೈಯಲ್ಲಿ ಉದ್ದನೆಯ ಗಳು, ಗಳುವಿನ ತುದಿಗೆ ಕೊಂಬೆಯ ಹಾಗೆ ಹರಡಿದ ಎರಡು ಕಂಬಳಿ. ಮೈಕು ಮೇಷ್ಟ್ರ ಕೈಗೆ ಹೋಯಿತು. ಬಿಸಿಲು ನನ್ನ ಬೆನ್ನಿಗೆ ಬಿದ್ದು, ನೆರಳು ಚಾಚಿಕೊಂಡು ಹೋಗಿ ನೇರ ಹಾಸಿನ ಮೇಲೆ ಮಲಗಿತು.

“ನೋಡ್ರಿ, ಬಿತ್ತು!” ಅಂದಳು ಅತ್ತೆ. ಮೇಡಂ ಆ ಹಸಿರು ಚುಕ್ಕೆಯನ್ನು ಅಳಿಸಿದರು.

ಮರವನ್ನು ಬೆಂಚಿನ ಸಮೇತ ಹೊತ್ತುಕೊಂಡು ಬಯಲಿನ ಉದ್ದಕ್ಕೂ ಬಂದರು. ನಾಲ್ಕು ಕಡೆ ಇಳಿಸಿದರು, ನಾಲ್ಕು ಕಡೆಯೂ ಒಂದೊಂದು ತಕರಾರು. ಚಾವಡಿಯ ಹತ್ತಿರ ಅಡಿಪಾಯಕ್ಕೆ ಬೇರು ಹೋಗುತ್ತದೆ ಅಂದರು ಮೇಡಂ. ಹೋಟೆಲಿನ ಹತ್ತಿರ ಬಾಣಲೆಗೆ ಎಲೆ ಉದುರುತ್ತದೆ ಅಂದ ಚಿಕ್ಕಪ್ಪ. ಉಣ್ಣೆಯ ನವೆಗೆ ನನಗೆ ಸೀನು ಬಂತು. “ಬೇವಿನ ಮರ ಸೀನಲ್ಲ,” ಎಂದು ಮೇಷ್ಟ್ರು ಮೈಕಿನಲ್ಲಿ ಇಡೀ ಊರಿಗೆ ಕೇಳುವಂತೆ ಹೇಳಿದರು. ಕಡೆಗೆ ಪಡುವಲ ತುದಿಯಲ್ಲಿ, ಅಗಸೆಗೂ ಹಾಸಿನ ಗೂಟಕ್ಕೂ ನಡುವೆ ನಿಲ್ಲಿಸಿದಾಗ ಬೆಳಗಿನ ನೆರಳು ಅಗಸೆಯ ಆಚೆಗೆ, ರಸ್ತೆಯ ಮೇಲೆ ಹೋಗಿ ಬಿತ್ತು. ಹಾಸಿನ ಮೇಲೆ ಪೂರ್ತಿ ಬಿಸಿಲು. ಮಧ್ಯಾಹ್ನ ತಿರುಗಿದ ಮೇಲೆ ನೆರಳು ಬಯಲಿಗೆ ಬರುತ್ತದೆ. ಅಷ್ಟು ಹೊತ್ತಿಗೆ ಹಾಸು ಒಣಗಿ, ಸುತ್ತಿ, ಮನೆಗೆ ಹೋಗಿರುತ್ತದೆ. ಮೇಡಂ ನನ್ನ ಬೆಂಚಿನ ಕಾಲಿನ ಪಕ್ಕ ಒಂದು ಗೂಟ ಹೊಡೆದರು. ಅಧ್ಯಕ್ಷರು ಅಲ್ಲೇ ನಿಂತು ಸಭೆಯ ಒಪ್ಪಿಗೆ ಬರೆಸಿದರು.

ನಾನು ಇಳಿಯಲು ಕಾಲು ಚಾಚಿದೆ.

“ಎಲ್ಲಿಗೆ?” ಅಂದಳು ಅತ್ತೆ. “ಬಿಸ್ಲು ಏರ್ತಾ ನೆರಳು ತಿರುಗ್ತೈತೆ. ಹಾಸು ಒಣಗೋಗಂಟ ಅಲ್ಲೇ ನಿಂತ್ಕ. ನೋಡೇಬಿಡಾಣ.”

“ಅತ್ತೆ, ಕೈ ನೋಯ್ತಾ ಐತೆ.”

“ಮರ ಮಾತಾಡ್ತೈತೇನಲೇ?” ಎಂದು ಅವಳು ಕುಂಚವನ್ನು ಸರಿಗೆ ಅದ್ದಿಕೊಂಡು ಹೋದಳು. ಕೂದಲಿಗೆಲ್ಲ ಅಂಟು ಹತ್ತಿತ್ತು, ನಗುತ್ತಿದ್ದಳು.

ಚಿಕ್ಕಪ್ಪ ಟೀ ಲೋಟ ಹಿಡಿದು ಬೆಂಚು ಹತ್ತಿ ಬಂದ. ನನ್ನ ಎರಡೂ ಕೈಯಲ್ಲಿ ಗಳು ಇದ್ದುದರಿಂದ ಅವನೇ ಬಾಯಿಗೆ ಹಿಡಿದ. “ನೆಟ್ಟ ಮ್ಯಾಲೆ ನೀರು ಹಾಕ್ಬೇಕಲ್ಲಪ್ಪ.”

ಹಾಸಿನ ಆ ತುದಿಯಿಂದ ಅತ್ತೆ ತಲೆಯೆತ್ತದೆಯೇ ಕೂಗಿದಳು: “ಅರ್ಧ ಲೋಟ ಸಾಕು, ಜಾಸ್ತಿ ಹಾಕಿದ್ರೆ ಅಲ್ಲಾಡ್ತಾನೆ!”